ಒಂದೇ ಹಗ್ಗದ ಪಯಣಿಗರು

ಮಳೆಗಾಲ ಕಳೆದು ಆಕಾಶ ತಿಳಿಯಾದ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಎತ್ತರದ ಗುಡ್ಡಗಳಲ್ಲಿ ನಿಂತು ಮೂಡಣ ದಿಕ್ಕಿಗೆ ಕಣ್ಣು ಹಾಯಿಸಿದರೆ, ಅಡಿಕೆ ತೋಟಗಳ ಹಸುರಿನಾಚೆ ನೀಲಿಯ ಗೋಡೆಯೊಂದು ಕಾಣಿಸುತ್ತದೆ. ಅದು ಪಶ್ಚಿಮಘಟ್ಟದ ಸಾಲು. ಆ ಸಾಲಿನಲ್ಲಿ ತಲೆಯೆತ್ತಿ ನಿಂತಿರುವ ಶಿಖರವೇ ಕುಮಾರಪರ್ವತ. ಕೊಡಗಿನ ಕಡೆಯವರು ಇದನ್ನು ಪುಷ್ಪಗಿರಿ ಎಂದು ಕರೆಯುತ್ತಾರೆ. ಸಮುದ್ರಮಟ್ಟದಿಂದ ಇದರ ಎತ್ತರ 1712 ಮೀಟರು. ಇದರ ಮಡಿಲಲ್ಲಿ ಹುಟ್ಟುವ ಕುಮಾರಧಾರೆ ಕುಕ್ಕೆ ಸುಬ್ರಹ್ಮಣ್ಯದ ಬಳಿ ಹರಿದು, ಕಡಬದ ಸೀಮೆಯನ್ನು ತೋಯಿಸಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯು ತನ್ನ ಆಯುಧವನ್ನು ಈ ನದಿಯಲ್ಲಿ ತೊಳೆದನೆಂದು ಸ್ಥಳಪುರಾಣ ಹೇಳುತ್ತದೆ.

ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ ಕಾದಂಬರಿಗೆ ಈ ಪರ್ವತದ ತಪ್ಪಲೇ ಹಿನ್ನೆಲೆ. ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನನ್ನು ಆ ಕಡೆಯ ಇಬ್ಬರು ಒಂದು ಮನೆಗೆ ಕರೆತಂದು ಸೇರಿಸುವುದರಿಂದ ಆ ಕಥೆ ಆರಂಭವಾಗುತ್ತದೆ. ಬೆಟ್ಟದ ನಾಡಿನಲ್ಲಿ ಒಬ್ಬ ಮನುಷ್ಯನಿಗೆ ಇನ್ನೊಬ್ಬನ ಆಸರೆ ಎಷ್ಟು ದೊಡ್ಡದು ಎಂಬುದನ್ನು ಈ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆಗೆ ಮದ್ದು ಬಿಡುವ ದಿನ ತೋಟಕ್ಕೆ ಹೋಗಿ ನೋಡಿದರೆ ಸಾಕು. ಕಾಲಿಗೆ ತಳೆ ಹಾಕಿಕೊಂಡು ಮರದ ತುದಿಗೇರಿದವನೊಬ್ಬ. ಕೆಳಗೆ ಪಂಪಿನ ಬಳಿ ನಿಂತವನೊಬ್ಬ. ಮೇಲಿನವನ ಕೂಗಿಗೆ ಕೆಳಗಿನವನು ಕಿವಿಗೊಡಬೇಕು. ಕೆಳಗಿನವನ ಎಚ್ಚರವನ್ನು ಮೇಲಿನವನು ನಂಬಬೇಕು. ಬೆಟ್ಟವನ್ನೇರುವವರ ಧರ್ಮವೂ ಇದೇ. ಅದು ಕುಮಾರಪರ್ವತದಂಥ ಹಸುರು ಬೆಟ್ಟವಾಗಿರಲಿ, ಹಿಮಾಲಯದ ಮಂಜುಗವಿದ ಶಿಖರವಾಗಿರಲಿ, ಏರುವವರ ಬದುಕು ಒಬ್ಬರ ಕೈಯಲ್ಲಿ ಇನ್ನೊಬ್ಬರದು ಇರುತ್ತದೆ.

ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತದ ನೆತ್ತಿಗೆ ಸುಮಾರು 13 ಕಿಲೋಮೀಟರು ಹಾದಿ. ದೂರವನ್ನು ಮಾತ್ರ ಲೆಕ್ಕ ಹಾಕಿದವರು ಅದನ್ನು ಸುಲಭವೆಂದು ಭಾವಿಸಿಯಾರು. ಆದರೆ ಅಷ್ಟು ದೂರದಲ್ಲಿ ಏರಬೇಕಾದ ಎತ್ತರ 1500 ಮೀಟರಿಗೂ ಹೆಚ್ಚು. ಮೊದಲಿಗೆ ದಟ್ಟವಾದ ಕಾಡು. ಬೇರುಗಳೇ ಮೆಟ್ಟಿಲುಗಳಾದ ಕಡಿದಾದ ದಾರಿ. ಭೀಮನ ಬಂಡೆಯನ್ನು ದಾಟಿ ಗಿರಿಗದ್ದೆಗೆ ಬಂದಾಗ ಕಾಡು ಸರಿದು ಬಯಲು ತೆರೆದುಕೊಳ್ಳುತ್ತದೆ. ಅಲ್ಲಿನ ‘ಭಟ್ಟರ ಮನೆ’ ದಶಕಗಳ ಕಾಲ ಚಾರಣಿಗರಿಗೆ ಅನ್ನವಿಕ್ಕಿ ಹೆಸರಾದುದು. ಮುಂದೆ ಅರಣ್ಯ ಇಲಾಖೆಯ ತಪಾಸಣೆಯ ಠಾಣೆ. ಅದರಾಚೆ ನೆರಳಿಲ್ಲದ ಹುಲ್ಲಿನ ಬೆನ್ನು. ಕಲ್ಲುಮಂಟಪ, ಅನಂತರ ಶೇಷಪರ್ವತ. ಶೇಷಪರ್ವತದ ತುದಿಗೆ ಬಂದವರು ಗುರಿ ಮುಟ್ಟಿದೆವೆಂದು ಹಿಗ್ಗುವಷ್ಟರಲ್ಲಿ ಎದುರಿಗೆ ಇನ್ನೊಂದು ಶಿಖರ ಎದ್ದು ನಿಲ್ಲುತ್ತದೆ. ಮತ್ತೆ ಕಾಡಿನ ಕಣಿವೆಗೆ ಇಳಿದು, ಜಾರುವ ಬಂಡೆಯನ್ನು ಹತ್ತಿದ ಮೇಲೆಯೇ ಕುಮಾರಪರ್ವತದ ನೆತ್ತಿ.

ಈ ಹಾದಿಯಲ್ಲಿ ಹತ್ತು ಜನರ ತಂಡವೊಂದು ಹೊರಟಿತೆಂದು ಭಾವಿಸೋಣ. ಮೊದಲ ಗಂಟೆಯಲ್ಲಿ ಎಲ್ಲರ ಕಾಲಿನಲ್ಲೂ ಹುರುಪು. ಬಲವಿದ್ದವರು ಮುಂದೆ ಓಡುತ್ತಾರೆ. ಬಲವಿಲ್ಲದವರು ಹಿಂದೆ ಬೀಳುತ್ತಾರೆ. ಗಿರಿಗದ್ದೆ ತಲಪುವಷ್ಟರಲ್ಲಿ ಒಂದು ತಂಡ ಮೂರು ತುಂಡಾಗಿರುತ್ತದೆ. ಮುಂದಿನವರ ಬಳಿ ನೀರಿದೆ, ಹಿಂದಿನವರ ಬಳಿ ಇಲ್ಲ. ದಾರಿ ಬಲ್ಲವನು ಮುಂದಿದ್ದಾನೆ, ದಾರಿ ತಪ್ಪುವವನು ಹಿಂದಿದ್ದಾನೆ. ಮಂಜು ಕವಿದರೆ ಹತ್ತು ಮಾರು ದೂರದ ಮನುಷ್ಯನೂ ಕಾಣಿಸನು. ಆದಕಾರಣ ಅನುಭವಿಗಳು ಒಂದು ನಿಯಮವನ್ನು ಮಾಡಿಕೊಂಡಿದ್ದಾರೆ. ದಾರಿ ಬಲ್ಲವನೊಬ್ಬ ಮುಂದೆ, ಗಟ್ಟಿಗನೊಬ್ಬ ಎಲ್ಲರಿಗಿಂತ ಹಿಂದೆ, ನಡುವೆ ಉಳಿದವರು. ತಂಡದ ವೇಗವೆಂದರೆ ಅತ್ಯಂತ ನಿಧಾನವಾಗಿ ನಡೆಯುವವನ ವೇಗ. ಕೇಳುವುದಕ್ಕೆ ಸರಳವಾದ ಈ ನಿಯಮವು ಪಾಲಿಸುವುದಕ್ಕೆ ಕಷ್ಟವಾದುದು. ಏಕೆಂದರೆ ಬಲವಿದ್ದವನು ಇಲ್ಲಿ ಬೆಟ್ಟಕ್ಕಿಂತ ಮೊದಲು ತನ್ನ ಆತುರವನ್ನು ಗೆಲ್ಲಬೇಕಾಗುತ್ತದೆ.

ಹಸುರು ಬೆಟ್ಟದಲ್ಲಿ ಈ ನಿಯಮವನ್ನು ಮುರಿದವರಿಗೆ ಹೆಚ್ಚಿನ ಸಲ ದಣಿವು, ಬಾಯಾರಿಕೆ, ಒಂದು ರಾತ್ರಿಯ ಭಯ ಇವಿಷ್ಟೇ ದಂಡವಾಗಬಹುದು. ಹಿಮ ಕವಿದ ಶಿಖರಗಳಲ್ಲಿ ದಂಡ ಅಷ್ಟಕ್ಕೇ ನಿಲ್ಲುವುದಿಲ್ಲ.

ಪ್ರತಿವರ್ಷವೂ ಬೇಸಿಗೆಯ ರಜೆಯಲ್ಲಿ ಕರ್ನಾಟಕದ ಅನೇಕ ತಂಡಗಳು ಹಿಮಾಲಯಕ್ಕೆ ಪಯಣ ಬೆಳೆಸುತ್ತವೆ. ಕುಮಾರಪರ್ವತಕ್ಕೆ ಬೇಸಿಗೆ ಒಗ್ಗದು. ಒಣಗಿದ ಹುಲ್ಲಿಗೆ ಕಾಳ್ಗಿಚ್ಚು ತಗಲುವ ಭಯವಿರುವುದರಿಂದ ಆ ತಿಂಗಳುಗಳಲ್ಲಿ ಏರುವುದನ್ನು ಅರಣ್ಯ ಇಲಾಖೆ ತಡೆಯುತ್ತದೆ. ಮಳೆಗಾಲದಲ್ಲಿ ಜಾರಿಕೆ, ಇಂಬಳಗಳ ಕಾಟ. ಮಳೆ ನಿಂತ ಮೇಲಿನ ತಿಂಗಳುಗಳೇ ಇಲ್ಲಿ ಸಕಾಲ. ಹಿಮಾಲಯದಲ್ಲಿ ಲೆಕ್ಕ ಬೇರೆ. ಚಳಿಗಾಲದ ಹಿಮ ಗಟ್ಟಿಯಾಗಿ ನೆಲೆನಿಂತು, ಮುಂಗಾರು ಇನ್ನೂ ತಲಪದಿರುವ ಮೇ ತಿಂಗಳು ಮತ್ತು ಜೂನ್ ತಿಂಗಳ ಮೊದಲ ಭಾಗ ಏರುವವರಿಗೆ ಅನುಕೂಲ. ಅತಿ ಎತ್ತರದಲ್ಲಿ ಬೀಸುವ ಪ್ರಚಂಡವಾದ ಪಡುವಣ ಗಾಳಿಯೂ ಮೇ ತಿಂಗಳಲ್ಲಿ ಕೆಲವು ದಿನ ತಗ್ಗುತ್ತದೆ. ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ, ಮತ್ತೊಮ್ಮೆ ಅವಕಾಶ ದೊರೆಯುತ್ತದೆ.

ಬೇಸಿಗೆಯೆಂದ ಮಾತ್ರಕ್ಕೆ ಅಲ್ಲಿ ಬಿಸಿಲ ಬೇಗೆಯಿರುವುದೆಂದು ತಿಳಿಯಬಾರದು. ಎತ್ತರ ಸಾವಿರ ಮೀಟರು ಹೆಚ್ಚಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಪುತ್ತೂರಿನಲ್ಲಿ ಸೆಕೆ 33 ಡಿಗ್ರಿ ಇರುವ ಮಧ್ಯಾಹ್ನ, ಅದೇ ನೆಲದ ಮೇಲೆ 5000 ಮೀಟರಿನ ಪರ್ವತವೊಂದು ನಿಂತಿದ್ದರೆ, ಈ ಲೆಕ್ಕದಂತೆ ಅದರ ತುದಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿರುತ್ತಿತ್ತು. ಉತ್ತರಕ್ಕಿರುವ ಹಿಮಾಲಯದಲ್ಲಿ, ಅದೂ ರಾತ್ರಿಯ ವೇಳೆಯಲ್ಲಿ, ಚಳಿಯ ತೀಕ್ಷ್ಣತೆಯನ್ನು ಊಹಿಸಿಕೊಳ್ಳಬಹುದು.

ಇಂಥ ಎತ್ತರದಲ್ಲಿ ಬಿದ್ದ ಹಿಮ ಪೂರ್ತಿಯಾಗಿ ಕರಗುವುದಿಲ್ಲ. ಒಂದು ವರ್ಷದ ಹಿಮದ ಮೇಲೆ ಇನ್ನೊಂದು ವರ್ಷದ ಹಿಮ ಬೀಳುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಪದರಗಳು ಅಮುಕಲ್ಪಟ್ಟು, ಒಳಗಿನ ಗಾಳಿ ಹೊರಬಿದ್ದು, ಬೆಳ್ಳನೆಯ ಹಿಮ ನೀಲಿ ಛಾಯೆಯ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಹೀಗೆ ನೂರಾರು ವರ್ಷ ಬೆಳೆದ ರಾಶಿಯು ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಜರುಗತೊಡಗುತ್ತದೆ. ಇದೇ ಹಿಮನದಿ. ಗಂಗೆಯ ಮೂಲವಾದ ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿಲೋಮೀಟರು. ಕುಮಾರಧಾರೆಗೆ ನೀರನ್ನು ಹಿಡಿದಿಟ್ಟು ಉಣಿಸುವುದು ಘಟ್ಟದ ಹುಲ್ಲುಗಾವಲು ಮತ್ತು ಶೋಲಾ ಕಾಡು. ಗಂಗೆಗೆ ಆ ಕೆಲಸದಲ್ಲಿ ಹಿಮನದಿಯೂ ನೆರವಾಗುತ್ತದೆ.

ಹಿಮನದಿ ನಿಂತಂತೆ ಕಾಣುತ್ತದೆ. ಆದರೆ ಅದು ಸದಾ ಚಲಿಸುತ್ತಿರುತ್ತದೆ. ಕೆಳಗಿನ ನೆಲ ಏರುಪೇರಾದಲ್ಲಿ, ತಿರುವು ಬಂದಲ್ಲಿ, ಅದರ ಮೈ ಸೀಳುತ್ತದೆ. ಆ ಸೀಳುಗಳೇ ಹಿಮಬಿರುಕುಗಳು. ಕೆಲವು ಒಂದು ಹೆಜ್ಜೆಯಲ್ಲಿ ದಾಟುವಷ್ಟು ಕಿರಿದು. ಕೆಲವು ಮನೆಯೊಂದನ್ನೇ ನುಂಗುವಷ್ಟು ಅಗಲ. ಕಣ್ಣಿಗೆ ಕಾಣುವ ಬಿರುಕಿನಿಂದ ಅಪಾಯ ಕಡಿಮೆ. ಕಾಣದ ಬಿರುಕೇ ಭಯಂಕರವಾದುದು. ಹೊಸ ಹಿಮ ಬಿದ್ದಾಗ ಬಿರುಕಿನ ಬಾಯಿಯ ಮೇಲೆ ತೆಳುವಾದ ಮುಚ್ಚಿಗೆಯೊಂದು ಏರ್ಪಡುತ್ತದೆ. ನೋಡುವುದಕ್ಕೆ ಸಮತಟ್ಟಾದ ಬಿಳಿಯ ಅಂಗಳ, ಕಾಲಿಟ್ಟರೆ ಪಾತಾಳ.

ಈ ಅಪಾಯಕ್ಕೆ ಪರ್ವತಾರೋಹಿಗಳು ಕಂಡುಕೊಂಡ ಉತ್ತರ ಹಗ್ಗ. ಹಿಮನದಿಯನ್ನು ದಾಟುವಾಗ ಮೂವರಿಂದ ಐವರವರೆಗೆ ಒಂದೇ ಹಗ್ಗಕ್ಕೆ ತಮ್ಮನ್ನು ಕಟ್ಟಿಕೊಳ್ಳುತ್ತಾರೆ. ಒಬ್ಬನಿಂದ ಇನ್ನೊಬ್ಬನಿಗೆ ಹತ್ತು ಮೀಟರಿನ ಆಸುಪಾಸಿನ ಅಂತರ. ಹಗ್ಗ ಬಿಗಿದು ಜಗ್ಗಬಾರದು. ಸಡಿಲಗೊಂಡು ನೆಲದ ಮೇಲೆ ಸುರುಳಿ ಸುತ್ತಲೂ ಬಾರದು. ಮುಂದಿನವನು ಕೋಲಿನಿಂದಲೋ ಹಿಮಗೊಡಲಿಯಿಂದಲೋ ಹಿಮವನ್ನು ತಿವಿದು ನೋಡುತ್ತ ಹೆಜ್ಜೆ ಇಡುತ್ತಾನೆ. ಹಿಂದಿನವರು ಅದೇ ಹೆಜ್ಜೆಯಲ್ಲಿ ಹೆಜ್ಜೆಯಿಡುತ್ತಾರೆ. ಮುಂದಿನವನ ಕಾಲ ಕೆಳಗಿನ ಹಿಮ ಕುಸಿದರೆ, ಉಳಿದವರು ಕ್ಷಣವೂ ಯೋಚಿಸದೆ ನೆಲಕ್ಕೆ ಬಿದ್ದು, ಹಿಮಗೊಡಲಿಯ ಚೂಪನ್ನು ಹಿಮಕ್ಕೆ ನಾಟಿ, ಅವನ ಭಾರವನ್ನು ತಮ್ಮ ಮೈಯಿಂದ ತಡೆಯುತ್ತಾರೆ. ಅನಂತರ ಹಗ್ಗವನ್ನು ಹಿಮದಲ್ಲಿ ಗಟ್ಟಿಯಾಗಿ ನೆಟ್ಟ ಗೂಟಕ್ಕೆ ಬಿಗಿದು, ರಾಟೆಯ ನೆರವಿನಿಂದ ಅವನನ್ನು ಮೇಲೆತ್ತುತ್ತಾರೆ. ಒಬ್ಬಂಟಿಯಾಗಿದ್ದವನನ್ನು ಹಿಡಿದುಕೊಳ್ಳುವವರು ಯಾರು? ಹಗ್ಗವೆಂಬುದು ನೂಲಿನ ಹೊಸೆತವಷ್ಟೇ ಅಲ್ಲ. ಒಬ್ಬನು ಬಿದ್ದರೆ ಉಳಿದವರೆಲ್ಲರೂ ತಡೆಯುತ್ತೇವೆಂಬ ಮಾತು ಅದರಲ್ಲಿ ಅಡಗಿದೆ.

ಆದರೆ ಇದೇ ಹಗ್ಗಕ್ಕೆ ಇನ್ನೊಂದು ಮುಖವೂ ಉಂಟು. ಒಬ್ಬನ ಅಜಾಗರೂಕತೆಯು ಎಲ್ಲರನ್ನೂ ಕೆಳಕ್ಕೆಳೆಯಬಲ್ಲದು. ಆದುದರಿಂದ ಹಗ್ಗಕ್ಕೆ ಕಟ್ಟಿಕೊಳ್ಳುವವನು ತನ್ನ ಪಾದರಕ್ಷೆಯ ಗಂಟನ್ನು ಬಿಗಿಯುವುದೂ ತನ್ನ ಪಾಲಿನ ಕೆಲಸವಷ್ಟೇ ಅಲ್ಲ, ಎಲ್ಲರ ಕೆಲಸವಾಗುತ್ತದೆ. ಬೂಟಿನ ತಳಕ್ಕೆ ಕ್ರಾಂಪಾನ್ ಎಂಬ, ಮುಳ್ಳುಗಳುಳ್ಳ ಉಕ್ಕಿನ ಚೌಕಟ್ಟನ್ನು ಕಟ್ಟಿಕೊಳ್ಳಬೇಕು. ಅದರ ಪಟ್ಟಿ ಸಡಿಲವಾದರೆ ಗಟ್ಟಿ ಮಂಜಿನ ಮೇಲೆ ಕಾಲು ನಿಲ್ಲದು. ಹಿಮದ ಮೇಲೆ ಬಿದ್ದು ಪ್ರತಿಫಲಿಸುವ ಬಿಸಿಲು ಕಣ್ಣನ್ನು ಕುರುಡಾಗಿಸಬಲ್ಲದು. ಆದಕಾರಣ ಕಪ್ಪು ಕನ್ನಡಕ ಬೇಕು. ಬೆಟ್ಟದ ಮೇಲೆ ಯಾವ ಮರವೂ ಸಣ್ಣದಲ್ಲ. ಮರೆತ ವಸ್ತುವನ್ನು ತರಲು ಮನೆಗೆ ಹಿಂದಿರುಗುವಂತಿಲ್ಲ.

ಶಿಖರಕ್ಕೆ ಹೊರಡುವ ವೇಳೆಯೂ ವಿಚಿತ್ರವಾದುದು. ಲೋಕವೆಲ್ಲ ಮಲಗಿರುವ ನಡುರಾತ್ರಿ, ಒಂದು ಎರಡು ಗಂಟೆಗೆ, ಹಣೆಗೆ ದೀಪ ಕಟ್ಟಿಕೊಂಡು ತಂಡವು ಡೇರೆಯಿಂದ ಹೊರಬೀಳುತ್ತದೆ. ರಾತ್ರಿಯ ಚಳಿಯಲ್ಲಿ ಹಿಮ ಗಟ್ಟಿಯಾಗಿರುತ್ತದೆ. ಬಿರುಕಿನ ಮೇಲಿನ ಸೇತುವೆಗಳೂ ಭಾರವನ್ನು ತಾಳುತ್ತವೆ. ಸೂರ್ಯ ಮೇಲೇರಿದಂತೆ ಹಿಮ ಮೆತ್ತಗಾಗಿ ಮೊಣಕಾಲುದ್ದ ಹೂಳುತ್ತದೆ. ಇಳಿಜಾರುಗಳಿಂದ ಹಿಮದ ರಾಶಿ ಕುಸಿಯುವ ಭಯವೂ ಹೆಚ್ಚುತ್ತದೆ. ಆದುದರಿಂದ ಹಗಲು ಏರುವ ಮೊದಲೇ ಶಿಖರವನ್ನು ಮುಟ್ಟಿ ಹಿಂದಿರುಗಬೇಕು. ಅನುಭವಿ ನಾಯಕನು ಹೊರಡುವ ಮುಂಚೆಯೇ ಹಿಂದಿರುಗುವ ಗಂಟೆಯನ್ನು ಗೊತ್ತುಮಾಡುತ್ತಾನೆ. ಆ ಗಂಟೆಗೆ ಶಿಖರ ಕೈಗೆ ಎಟುಕುವಂತಿದ್ದರೂ ತಂಡ ಹಿಂದಕ್ಕೆ ತಿರುಗಲೇಬೇಕು.

ಎತ್ತರವೇ ಒಂದು ಶತ್ರು. ಸುಮಾರು 5500 ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಅರ್ಧದಷ್ಟು ಮಾತ್ರ. ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅರ್ಧ. ಮೊದಲು ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ತೋರುತ್ತವೆ. ಅಲಕ್ಷಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಿದುಳು ಊದಿಕೊಂಡು ಬುದ್ಧಿ ತಪ್ಪಬಹುದು. ಬಲಿಷ್ಠನಾದವನಿಗೆ ಇದು ಬಾರದೆಂಬ ನಿಯಮವಿಲ್ಲ. ದೇಹ ಆ ಗಾಳಿಗೆ ಒಗ್ಗಿಕೊಳ್ಳಲು ಸಮಯ ಬೇಕು. ಆದುದರಿಂದ 3000 ಮೀಟರು ದಾಟಿದ ಮೇಲೆ ಮಲಗುವ ತಾಣದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಪಡೆಯಬೇಕು ಎಂದು ವೈದ್ಯರು ಹೇಳುತ್ತಾರೆ. ಕಾಯಿಲೆ ಹೆಚ್ಚಿದವನಿಗೆ ಮುಖ್ಯವಾದ ಮದ್ದು ಒಂದೇ: ತಡಮಾಡದೆ ಕೆಳಕ್ಕಿಳಿಸುವುದು. ತಲೆನೋವನ್ನು ಬಚ್ಚಿಟ್ಟುಕೊಂಡು ನಡೆಯುವವನು ಧೀರನಲ್ಲ. ಅವನು ಒಂದು ಹಗ್ಗದ ಎಲ್ಲರನ್ನೂ ಅಪಾಯಕ್ಕೆ ಗುರಿಮಾಡುತ್ತಾನೆ.

ಇವನ್ನೆಲ್ಲ ಕಲಿಸುವುದಕ್ಕಾಗಿಯೇ ಭಾರತದಲ್ಲಿ ಶಾಲೆಗಳಿವೆ. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲೆರಿ ಎವರೆಸ್ಟ್ ಶಿಖರವನ್ನು ಮುಟ್ಟಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಯಿತು. ತೇನ್‌ಸಿಂಗರೇ ಅಲ್ಲಿ ತರಬೇತಿಯ ಹೊಣೆ ಹೊತ್ತರು. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಹುಟ್ಟಿತು. ಸುಮಾರು ನಾಲ್ಕು ವಾರಗಳ ಪ್ರಥಮ ಶಿಕ್ಷಣದಲ್ಲಿ ಗಂಟು ಹಾಕುವುದು, ಬಂಡೆಯೇರುವುದು, ಹಿಮದ ಮೇಲೆ ನಡೆಯುವುದು, ಜಾರಿದಾಗ ತಡೆದುಕೊಳ್ಳುವುದು ಇವನ್ನು ಕಲಿಸುತ್ತಾರೆ. ಕುಮಾರಪರ್ವತದ ಆಚೆಯ ಬದಿಯ ಕೊಡಗಿನಲ್ಲಿ ಹುಟ್ಟಿ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ಕರ್ನಾಟಕದಲ್ಲಿಯೂ ಒಂದು ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಈ ಶಾಲೆಗಳಲ್ಲಿ ಕಲಿಯಬೇಕಾದ ಅತ್ಯಂತ ಕಠಿಣವಾದ ಪಾಠ ಯಾವುದು? ಏರುವುದಲ್ಲ, ಹಿಂದಿರುಗುವುದು. ಈ ಮಾತಿಗೆ ಭಾರತದ ಎವರೆಸ್ಟ್ ಯಾತ್ರೆಗಳ ಚರಿತ್ರೆಯೇ ಸಾಕ್ಷಿ.

1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತದ ಮೊದಲ ತಂಡ ಎವರೆಸ್ಟಿಗೆ ಹೊರಟಿತು. ಮೇ 25ರಂದು ಸೋನಂ ಗ್ಯಾತ್ಸೊ, ನವಾಂಗ್ ಗೊಂಬು, ನರೇಂದ್ರ ಕುಮಾರ್ ಎಂಬ ಮೂವರು ಕೊನೆಯ ಶಿಬಿರದಿಂದ ಮೇಲಕ್ಕೆ ಹೊರಟರು. ಬಿರುಗಾಳಿ ಹಿಮದ ಹುಡಿಯನ್ನು ಮುಖಕ್ಕೆ ಎರಚುತ್ತಿತ್ತು. 8625 ಮೀಟರು ತಲಪಿದಾಗ ಶಿಖರಕ್ಕೆ ಉಳಿದುದು 220 ಮೀಟರಿನಷ್ಟು ಎತ್ತರ ಮಾತ್ರ. ಸುಳ್ಯದ ಒಂದು ಗುಡ್ಡವನ್ನು ಹತ್ತಿದಷ್ಟು! ಆದರೆ ಗಾಳಿ ತಗ್ಗಲಿಲ್ಲ. ಮುಂದುವರಿದರೆ ಶಿಖರ ದೊರೆತರೂ ದೊರೆಯಬಹುದು, ಹಿಂದಿರುಗುವ ಭರವಸೆಯಿಲ್ಲ. ಮೂವರೂ ಹಿಂದಿರುಗಿದರು.

1962ರಲ್ಲಿ ಮೇಜರ್ ಜಾನ್ ಡಯಾಸ್ ಅವರ ನಾಯಕತ್ವದಲ್ಲಿ ಎರಡನೆಯ ತಂಡ ಹೋಯಿತು. ಈ ಬಾರಿ ಸೋನಂ ಗ್ಯಾತ್ಸೊ, ಹರಿ ಡಾಂಗ್, ಮೋಹನ್ ಸಿಂಗ್ ಕೊಹ್ಲಿ ಎಂಬವರು 8720 ಮೀಟರಿನವರೆಗೆ ಏರಿದರು. ಉಳಿದುದು 130 ಮೀಟರಿಗೂ ಕಡಿಮೆ. ಗ್ಯಾತ್ಸೊ ಅವರಿಗೆ ಇದು ಎರಡನೆಯ ಅವಕಾಶ. ಮೂರನೆಯದು ದೊರೆಯುವುದೋ ಇಲ್ಲವೋ ಯಾರು ಬಲ್ಲರು? ಆದರೂ ಹವೆ ಕೆಟ್ಟುದನ್ನು ಕಂಡು ಮೂವರೂ ಹಿಂದಿರುಗಿದರು. ಅಂದು ಅವರ ಕಾಲುಗಳು ಮುಂದಕ್ಕೆ ಇಡುವುದಕ್ಕಿಂತ ಹಿಂದಕ್ಕೆ ಇಡುವುದಕ್ಕೆ ಹೆಚ್ಚಿನ ಬಲವನ್ನು ಬೇಡಿರಬೇಕು.

ಮೂರು ವರ್ಷಗಳ ಅನಂತರ, 1965ರಲ್ಲಿ, ಮೂರನೆಯ ತಂಡ ಹೊರಟಿತು. 1962ರಲ್ಲಿ ಹಿಂದಿರುಗಿದ್ದ ಕೊಹ್ಲಿ ಅವರೇ ಅದರ ನಾಯಕರು. 1960ರಲ್ಲಿ ಹಿಂದಿರುಗಿದ್ದ, ಮರುವರ್ಷ ನೀಲಕಂಠ ಶಿಖರದಲ್ಲಿ ಹಿಮಹುಣ್ಣಿನಿಂದ ಕಾಲ್ಬೆರಳುಗಳನ್ನು ಕಳೆದುಕೊಂಡಿದ್ದ ನರೇಂದ್ರ ಕುಮಾರ್ ಉಪನಾಯಕರು. ಮೇ 20ರಂದು ನವಾಂಗ್ ಗೊಂಬು ಮತ್ತು ಅವತಾರ್ ಸಿಂಗ್ ಚೀಮಾ ಶಿಖರವನ್ನು ಮುಟ್ಟಿದರು. ಮೇ 22ರಂದು ಸೋನಂ ಗ್ಯಾತ್ಸೊ, ಎರಡು ಸಲ ಬೆನ್ನು ತಿರುಗಿಸಿದ್ದ ಅದೇ ಶಿಖರದ ಮೇಲೆ, ಸೋನಂ ವಾಂಗ್ಯಾಲ್ ಅವರೊಡನೆ ನಿಂತರು. ಮೇ 29ರ ಹೊತ್ತಿಗೆ ಆ ತಂಡದ ಒಂಬತ್ತು ಮಂದಿ ಶಿಖರವನ್ನು ಮುಟ್ಟಿದ್ದರು. ಒಂದೇ ಯಾತ್ರೆಯಲ್ಲಿ ಇಷ್ಟು ಜನ ಎವರೆಸ್ಟನ್ನು ಏರಿದುದು ಅದೇ ಮೊದಲು. 1960ರಲ್ಲಿ, 1962ರಲ್ಲಿ ಹಟ ಹಿಡಿದು ಮುಂದುವರಿದಿದ್ದರೆ ಗ್ಯಾತ್ಸೊ, ಗೊಂಬು, ಕೊಹ್ಲಿ, ಕುಮಾರ್ ಇವರಲ್ಲಿ ಎಷ್ಟು ಮಂದಿ 1965ನ್ನು ಕಾಣುತ್ತಿದ್ದರು? ಶಿಖರ ಅಲ್ಲಿಯೇ ಇರುತ್ತದೆ, ಏರುವವನು ಉಳಿದಿರಬೇಕು.

ಶಿಖರವನ್ನು ಮುಟ್ಟಿದವರ ಹೆಸರುಗಳನ್ನು ಜಗತ್ತು ನೆನಪಿಟ್ಟುಕೊಳ್ಳುತ್ತದೆ. ಆದರೆ ಆ ಒಂಬತ್ತು ಮಂದಿಯ ಹಿಂದೆ ಭಾರ ಹೊತ್ತ ನೂರಾರು ಹಮಾಲರಿದ್ದರು. ಹಿಮದಲ್ಲಿ ಮೆಟ್ಟಿಲು ಕಡಿದ, ಹಗ್ಗ ಕಟ್ಟಿದ ಶೆರ್ಪಾಗಳಿದ್ದರು. ಮೇಲಿನ ಶಿಬಿರಕ್ಕೆ ಆಮ್ಲಜನಕವನ್ನು ಹೊತ್ತು ತಲಪಿಸಿ, ತಾವು ಶಿಖರ ಕಾಣದೆ ಇಳಿದುಬಂದ ಸಂಗಡಿಗರಿದ್ದರು. ದೇವಸ್ಥಾನದ ರಥ ಬೀದಿಯಲ್ಲಿ ಸಾಗುವಾಗ ಮೇಲೆ ಕುಳಿತವರು ಕೆಲವರೇ. ಹಗ್ಗ ಹಿಡಿದು ಎಳೆಯುವ ಕೈಗಳು ಅಸಂಖ್ಯ. ಪರ್ವತಾರೋಹಣವೂ ಹಾಗೆಯೇ.

ಎಚ್ಚರವಿದ್ದರೂ ಪರ್ವತ ಕೆಲವೊಮ್ಮೆ ಕ್ರೂರವಾಗುತ್ತದೆ. 2022ರ ಅಕ್ಟೋಬರ್ 4ರಂದು ಗಢವಾಲದ ದ್ರೌಪದೀ ಕಾ ದಂಡಾ ಶಿಖರದಲ್ಲಿ ಹಿಮರಾಶಿ ಕುಸಿದು, ತರಬೇತಿಗಾಗಿ ಹೋಗಿದ್ದ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅವರಲ್ಲಿ ಕರ್ನಾಟಕದ ಯುವಕರೂ ಇದ್ದರು. 2024ರ ಜೂನ್ ತಿಂಗಳ ಮೊದಲ ವಾರದಲ್ಲಿ ಉತ್ತರಕಾಶಿಯ ಬಳಿ, 4000 ಮೀಟರಿಗೂ ಎತ್ತರದಲ್ಲಿರುವ ಸಹಸ್ರತಾಲ ಸರೋವರಗಳಿಗೆ 22 ಮಂದಿಯ ತಂಡವೊಂದು ಚಾರಣ ಹೊರಟಿತ್ತು. ಅವರಲ್ಲಿ ಹೆಚ್ಚಿನವರು ಕನ್ನಡನಾಡಿನವರು. ಹಿಂದಿರುಗುವ ಹಾದಿಯಲ್ಲಿ ಹಿಮದ ಬಿರುಗಾಳಿ ಬೀಸಿತು. ದಾರಿ ಕಾಣಿಸಲಿಲ್ಲ, ಚಳಿ ಮೈಯನ್ನು ಹಿಂಡಿತು. ಒಂಬತ್ತು ಮಂದಿ ಮರಳಿ ಬರಲಿಲ್ಲ. ಉಳಿದ ಹದಿಮೂರು ಮಂದಿಯನ್ನು ರಕ್ಷಣಾಪಡೆಗಳು ಕಾಪಾಡಿ ಕರೆತಂದವು. ಅದು ಹಿಮನದಿಯನ್ನೇರುವ ಯಾತ್ರೆಯಲ್ಲ, ಬೇಸಿಗೆಯ ಚಾರಣ. ಜೂನ್ ತಿಂಗಳಲ್ಲಿ ಕಡಬದಲ್ಲಿ ಮುಂಗಾರು ಮಳೆ ಸುರಿಯುವ ಹೊತ್ತಿಗೆ ಅಲ್ಲಿ ಹಿಮ ಸುರಿಯಬಲ್ಲದು. ಆ ಒಂಬತ್ತು ಮನೆಗಳ ದುಃಖದ ಮುಂದೆ ಯಾರ ತಪ್ಪು ಯಾರ ಒಪ್ಪು ಎಂದು ದೂರದಲ್ಲಿ ಕುಳಿತು ತೀರ್ಪು ಹೇಳುವುದು ಸುಲಭ, ಸರಿಯಾದುದಲ್ಲ. ಅವರ ನೆನಪಿಗೆ ಸಲ್ಲಿಸಬಹುದಾದ ಗೌರವವೆಂದರೆ, ಮುಂದೆ ಹೊರಡುವವರು ಹವೆಯನ್ನು ಅರಿತು, ತಕ್ಕ ಉಡುಪು ಆಹಾರಗಳನ್ನು ಹೊತ್ತು, ದಾರಿ ಬಲ್ಲವರ ಮಾತು ಕೇಳಿ ನಡೆಯುವುದು.

ಹಾಗಾದರೆ ಇಷ್ಟೊಂದು ಅಪಾಯವಿರುವಲ್ಲಿಗೆ ಹೋಗುವುದಾದರೂ ಏಕೆ? ಈ ಪ್ರಶ್ನೆ ಸಹಜವಾದುದು. ಮನೆಯಲ್ಲಿ ಕುಳಿತವನಿಗೆ ತನ್ನ ಬಲವೂ ತಿಳಿಯದು, ತನ್ನ ಮಿತಿಯೂ ತಿಳಿಯದು. ಪರ್ವತವು ಇವೆರಡನ್ನೂ ಒಟ್ಟಿಗೆ ತೋರಿಸುತ್ತದೆ. ಅಲ್ಲಿ ಹಣವಂತ ಬಡವನೆಂಬ ಭೇದವಿಲ್ಲ; ಒಂದೇ ಪಾತ್ರೆಯ ಗಂಜಿ, ಒಂದೇ ಡೇರೆಯ ನೆರಳು, ಒಂದೇ ಹಗ್ಗ. ತನ್ನ ಚೀಲದ ನೀರನ್ನು ಬಾಯಾರಿದವನಿಗೆ ಕೊಟ್ಟವನು, ತಾನು ನೀಡಿದುದು ಎಷ್ಟು ದೊಡ್ಡದೆಂಬುದನ್ನು ಬೆಟ್ಟದ ಮೇಲೆ ಕಲಿಯುತ್ತಾನೆ. ಹೀಗೆ ಕಲಿತುದು ಕೆಳಗಿಳಿದ ಮೇಲೂ ಅವನ ಜೊತೆಗೆ ಉಳಿಯುತ್ತದೆ.

ಈ ಕಲಿಕೆಗೆ ಹಿಮಾಲಯದವರೆಗೆ ಹೋಗಲೇಬೇಕೆಂದೇನೂ ಇಲ್ಲ. ಪುತ್ತೂರು, ಸುಳ್ಯ, ಕಡಬಗಳ ಮಕ್ಕಳಿಗೆ ಬಾಗಿಲ ಬಳಿಯಲ್ಲಿಯೇ ಒಂದು ಪಾಠಶಾಲೆ ಇದೆ. ಆದರೆ ಅದಕ್ಕೂ ಸಹನೆಯ ಮಿತಿಯುಂಟು. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತಕ್ಕೆ ಜನಜಂಗುಳಿ ನುಗ್ಗಿ, ಕಾಲುದಾರಿ ಸಂತೆಯ ಬೀದಿಯಂತಾಯಿತು. ಆ ಬಳಿಕ ಸರಕಾರ ಚಾರಣವನ್ನು ಕೆಲಕಾಲ ನಿಲ್ಲಿಸಿ, ಮುಂಗಡ ಅನುಮತಿಯ ಕ್ರಮವನ್ನು ಬಿಗಿಗೊಳಿಸಿತು. ಸಾವಿರ ಜನ ಸೇರಿದ ಮಾತ್ರಕ್ಕೆ ಅದು ತಂಡವಾಗುವುದಿಲ್ಲ, ಅದು ಗುಂಪು. ಒಬ್ಬನು ಹಿಂದೆ ಬಿದ್ದಾಗ ಎಲ್ಲರೂ ನಿಲ್ಲುವುದಾದರೆ ಅದು ತಂಡ. ತಿಂದೆಸೆದ ಪೊಟ್ಟಣವನ್ನು ಯಾರೋ ಒಬ್ಬರು ಹೆಕ್ಕಲಿ ಎಂದು ಬಿಟ್ಟುಹೋಗುವುದು ಗುಂಪು. ತನ್ನದಲ್ಲದ ಕಸವನ್ನೂ ಚೀಲಕ್ಕೆ ತುಂಬಿಕೊಂಡು ಇಳಿಯುವುದು ತಂಡ.

ಕುಮಾರಪರ್ವತದ ಹುಲ್ಲು ಸುಟ್ಟುಹೋದರೆ ಕುಮಾರಧಾರೆ ಸೊರಗುತ್ತದೆ. ಹಿಮಾಲಯದ ಹಿಮನದಿಗಳು ಭೂಮಿಯ ತಾಪ ಏರಿದಂತೆ ಹಿಂದೆ ಸರಿಯುತ್ತಿವೆ, ಗಂಗೋತ್ರಿಯೂ ಅವುಗಳಲ್ಲೊಂದು. ಬೆಟ್ಟದ ಮೇಲಿರುವವರೂ ಬೆಟ್ಟದ ಕೆಳಗೆ ನೀರು ಕುಡಿಯುವವರೂ ಕಣ್ಣಿಗೆ ಕಾಣದ ಒಂದು ಹಗ್ಗದಲ್ಲಿ ಕಟ್ಟಲ್ಪಟ್ಟಿದ್ದಾರೆ. ಮುಂದೆ ನಡೆಯುವವನು ಹಿಂದಿರುಗಿ ನೋಡಬೇಕು; ಹಿಂದೆ ಬರುವವನು ಹಗ್ಗವನ್ನು ಕೈಬಿಡಬಾರದು. ಇದನ್ನು ಅರಿತವರು ಯಾವ ಬೆಟ್ಟವನ್ನಾದರೂ ಏರಬಲ್ಲರು. ಏರಿ, ಕ್ಷೇಮವಾಗಿ ಮನೆಗೆ ಹಿಂದಿರುಗಬಲ್ಲರು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕುಮಾರಧಾರೆ ಯಾವ ಊರಿನಲ್ಲಿ ನೇತ್ರಾವತಿಯನ್ನು ಸೇರುತ್ತದೆ?
2. ತಂಡದ ವೇಗ ಯಾರ ವೇಗವಾಗಿರಬೇಕು?
3. ಶಿಖರಕ್ಕೆ ನಡುರಾತ್ರಿಯಲ್ಲಿಯೇ ಹೊರಡುವುದೇಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಿಮನದಿ ಹೇಗೆ ರೂಪುಗೊಳ್ಳುತ್ತದೆ?
2. ಹಿಮಬಿರುಕಿನ ಅಪಾಯವನ್ನು ಹಗ್ಗ ಹೇಗೆ ತಡೆಯುತ್ತದೆ?
3. 1960 ಮತ್ತು 1962ರಲ್ಲಿ ಹಿಂದಿರುಗಿದುದು ಸೋಲೆಂದು ಹೇಳಬಹುದೇ? ವಿವರಿಸಿರಿ.

ಇ. ‘ಗುಂಪು’ ಮತ್ತು ‘ತಂಡ’ ಇವುಗಳಿಗಿರುವ ವ್ಯತ್ಯಾಸವನ್ನು ನಿಮ್ಮ ಊರಿನ ಒಂದು ಕೆಲಸದ ಉದಾಹರಣೆಯಿಂದ ತೋರಿಸಿರಿ.